ಜಾರದ ಮೀನು

ಕಳೆದ ಜುಲೈ ತಿಂಗಳ ಒಂದು ಮಧ್ಯಾಹ್ನ ಕುಮಟಾದ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಬಾಗಿಲು ದಾಟಿ ಹೋಗುತ್ತಿದ್ದೆ. ಒಳಗಿನಿಂದ ‘ಗುಳುಂ’ ಎಂಬ ಸದ್ದು ಬಂತು, ಅದರ ಬೆನ್ನಿಗೇ ನಲವತ್ತು ಮಕ್ಕಳ ನಗು. ನನ್ನ ಕಾಲು ಮುಂದೆ ಹೋಗಲಿಲ್ಲ. ಆ ಸದ್ದು ನನ್ನದು. ಹನ್ನೊಂದು ವರ್ಷಗಳ ಹಿಂದೆ ಬಚ್ಚಲುಮನೆಯಲ್ಲಿ ಕೂತು ಬಕೆಟ್ಟಿನ ನೀರಿಗೆ ಚೊಂಬು ಕವುಚಿ ನೋಡಿ, ಅದು ಸರಿ ಬಾರದೆ, ಕೊನೆಗೆ ಬಾಯಿಯಲ್ಲೇ ಮಾಡಿ ಮೊಬೈಲಿನಲ್ಲಿ ಹಿಡಿದಿದ್ದ ಸದ್ದು ಅದು.

ಒಳಗೆ ಹೊಸದಾಗಿ ಬಂದ ವಿಜ್ಞಾನದ ಟೀಚರು ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟು, ಬ್ರೌಸರಿನಲ್ಲಿ ಒಂದು ದೋಣಿಯನ್ನು ಮುಳುಗಿಸಿ ತೋರಿಸುತ್ತಿದ್ದರು. ಅಲೆಯನ್ನು ದೊಡ್ಡದು ಮಾಡುವ ಗುಂಡಿ, ದೋಣಿಯೊಳಗೆ ಇಡಲು ನಾಲ್ಕು ಭಾರ, ದೋಣಿ ಮಗುಚಿದರೆ ನೀರಿನಿಂದ ತಲೆ ಎತ್ತಿ ಹಲ್ಲು ಕಿಸಿಯುವ ಎರಡು ಮೀನು.

“ಬನ್ನಿ ಸರ್, ಚಲೋ ಅದೆ ಇದು. ಟೀಚರ್‌ಗಳ ಗ್ರೂಪಿನಲ್ಲಿ ಯಾರೋ ಹಾಕಿದ್ರು. ಮಾಡಿದ್ದು ಯಾರೋ ಗೊತ್ತಿಲ್ಲ” ಎಂದರು ಅವರು.

ನಾನು ಮೌಸ್ ಕೇಳಿ ತೆಗೆದುಕೊಂಡೆ. ಭಾರವನ್ನೆಲ್ಲ ದೋಣಿಯ ನಡುವೆ ಇಟ್ಟು ಅಲೆಯನ್ನು ಏರಿಸಿದೆ. ದೋಣಿ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ನೆಟ್ಟಗೆ ನಿಂತಿತು. ಭಾರ ಇಟ್ಟಲ್ಲಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಅಂದರೆ ಯಾರೂ ಅದನ್ನು ತಿದ್ದಿರಲಿಲ್ಲ. “ಇದನ್ನು ಮಕ್ಕಳಿಗೆ ತೋರಿಸಬೇಡಿ” ಎಂದೆ. ಯಾಕೆ ಸರ್ ಎಂದು ಕೇಳಿದರು. ಮೌಸ್ ಅವರ ಕೈಗೆ ಕೊಟ್ಟು ಸ್ಟಾಫ್ ರೂಮಿಗೆ ಬಂದು ಕೂತೆ. ಸಿಡುಕ ಎಂದು ನನಗೆ ಮೊದಲೇ ಹೆಸರಿದೆ, ಹಾಗಾಗಿ ಅವರು ಹೆಚ್ಚು ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ.

ಆ ಸದ್ದು ಹಿಡಿದ ವರ್ಷ ನಾನು ಹೊನ್ನಾವರ ತಾಲ್ಲೂಕಿನ ಕಡಲ ದಂಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿದ್ದೆ. ಊರಿನ ಹೆಸರು ಬೇಡ. ಮಂಕಿಯಲ್ಲಿ ಬಾಡಿಗೆಗೆ ಕೋಣೆ ಹಿಡಿದು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಶನಿವಾರ ಮಧ್ಯಾಹ್ನ ಕುಮಟಾ ಹತ್ತಿರದ ಹೊಳನಗದ್ದೆಯ ಮನೆಗೆ. ಶಾಲೆಯ ಪ್ರಯೋಗಾಲಯವೆಂದರೆ ಒಂದು ಮರದ ಕಪಾಟು, ಅದರಲ್ಲಿ ಅರ್ಧ ಗೆದ್ದಲಿನದು. ಆದರೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಎಂಟು ಕಂಪ್ಯೂಟರುಗಳಿದ್ದವು. ಮಳೆ ಹಿಡಿದರೆ ನೆಟ್ ಇರುತ್ತಿರಲಿಲ್ಲ. ಹಾಗಾಗಿ ನಾನೇ ಬ್ರೌಸರಿನಲ್ಲಿ ತೆರೆಯುವಂಥ ಪುಟಗಳನ್ನು ಬರೆಯಲು ಕಲಿತೆ, ನೆಟ್ ಇಲ್ಲದೆಯೂ ನಡೆಯುವಂಥವು. ತೂಗಾಡುವ ಲೋಲಕ, ಎಳೆದು ಬಿಟ್ಟರೆ ಕುಣಿಯುವ ಸ್ಪ್ರಿಂಗು. ತೆಂಗಿನ ಮರವೊಂದಿತ್ತು, ಅದರ ಕೆಳಗೆ ಛತ್ರಿ ಹಿಡಿದ ಹೆಡ್ಮಾಸ್ತರರು. ‘ಭೂಮಿ’ ಎಂದು ಒತ್ತಿದರೆ ಕಾಯಿ ದಬಕ್ಕನೆ ಬೀಳುತ್ತಿತ್ತು, ‘ಚಂದ್ರ’ ಎಂದು ಒತ್ತಿದರೆ ಹೆಡ್ಮಾಸ್ತರರಿಗೆ ತಪ್ಪಿಸಿಕೊಳ್ಳಲು ಸಮಯ ಸಿಗುತ್ತಿತ್ತು. ಅಸಲಿ ಹೆಡ್ಮಾಸ್ತರರು ಅದನ್ನು ನೋಡಿ ನಕ್ಕರು. ಮಕ್ಕಳು ಗುರುತ್ವವನ್ನು ಅಷ್ಟು ಬೇಗ ಕಲಿತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಜೂನ್ ಕಳೆಯುವಷ್ಟರಲ್ಲಿ ನನಗೆ ಕೊಂಬು ಬಂದಿತ್ತು. ಮಳೆ ಸುರಿಯುವಾಗ ಬೇರೆ ತರಗತಿಯ ಮಕ್ಕಳೂ ಕಂಪ್ಯೂಟರ್ ಕೋಣೆಯ ಕಿಟಕಿಗೆ ಜೋತು ಬೀಳುತ್ತಿದ್ದರು. ಪೇಟೆಗೆ ಹೋದರೆ ಪಾಲಕರು “ಆಟ ಮಾಡೂ ಮಾಸ್ತ್ರು” ಎಂದು ನಿಲ್ಲಿಸಿ ಮಾತಾಡಿಸುತ್ತಿದ್ದರು. ಹೊಗಳಿಕೆ ಬೇಡವೆನ್ನುವ ಮಾಸ್ತರನನ್ನು ನಾನಂತೂ ಕಂಡಿಲ್ಲ. ನನಗೆ ಬೇಕಿತ್ತು, ಬಹಳ ಬೇಕಿತ್ತು.

ದೋಣಿ ಕೇಳಿದವಳು ಸುಜಾತಾ. ಹತ್ತನೆಯ ತರಗತಿಯವಳು, ಮೀನುಗಾರ ದುರ್ಗಪ್ಪನ ಒಬ್ಬಳೇ ಮಗಳು. ಯಾವ ಪ್ರಶ್ನೆಯನ್ನೂ ಒಂದೇ ಸಲ ಕೇಳಿ ಬಿಡುವವಳಲ್ಲ.

“ಸರ್, ತೆಂಗಿನಕಾಯಿ ಆತು. ಇನ್ನು ದೋಣಿ ಮಾಡಿ. ನಮ್ಮನೆ ದೋಣಿಯಂಥದ್ದು.”

ಮಾಡಿದೆ. ಮೊದಲು ಮಾಡಿದ ದೋಣಿಯಲ್ಲಿ ಭಾರಗಳು ಜಾರುತ್ತಿದ್ದವು. ದೋಣಿ ಒಂದು ಬದಿಗೆ ವಾಲಿದರೆ ಭಾರವೂ ಆ ಬದಿಗೆ ಸರಿದು ಇನ್ನಷ್ಟು ವಾಲಿಸುತ್ತಿತ್ತು. ಎರಡನೆಯ ಅಲೆಗೇ ಗುಳುಂ. ಮಕ್ಕಳು ಒಂದು ದಿನ ನಕ್ಕರು, ಮರುದಿನ ಬೇಸರಪಟ್ಟರು. “ಇದು ನಿಲ್ಲೂದೇ ಇಲ್ಲ ಸರ್, ಎಂತ ಮಾಡಿದ್ರೂ ಮುಳುಗ್ತದೆ” ಎಂದರು. ಆಟವೆಂದ ಮೇಲೆ ಗೆಲ್ಲಲೂ ಬರಬೇಕಲ್ಲ. ನಾನು ಜಾರುವಿಕೆಯ ಒಂದು ಸಾಲನ್ನು ತೆಗೆದುಹಾಕಿದೆ. ಅಂದಿನಿಂದ ಭಾರ ಇಟ್ಟಲ್ಲೇ ಅಂಟಿಕೊಂಡು ಕೂತಿತು, ದೋಣಿ ಮುಳುಗಿಸಲು ಮಕ್ಕಳು ಬೆವರು ಹರಿಸಬೇಕಾಯಿತು, ಎಲ್ಲರಿಗೂ ಖುಷಿಯಾಯಿತು. ಆ ಭಾರಗಳಿಗೆ ಮೀನಿನ ಬುಟ್ಟಿಯ ಬಣ್ಣ ಬಳಿದವನೂ ನಾನೇ.

ಜುಲೈ ಕೊನೆಗೆ ಭಟ್ಕಳದಲ್ಲಿ ಶಿಕ್ಷಕರ ತರಬೇತಿಯೊಂದಿತ್ತು. ಅಲ್ಲಿ ಈ ಆಟಗಳನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದೆ, ಕೇಳಿದವರ ಪೆನ್ ಡ್ರೈವಿಗೆಲ್ಲ ತುಂಬಿಸಿಕೊಟ್ಟೆ. ಊಟದ ಹೊತ್ತಿಗೆ ಗಣಿತದ ಜುಬೇದಾ ಟೀಚರು ಎದುರು ಬಂದು ಕೂತರು. ನಿವೃತ್ತಿಗೆ ಹತ್ತಿರವಿದ್ದ, ಮೆಲ್ಲಗೆ ಮಾತಾಡುವ ಹೆಂಗಸು.

“ಸರ್, ಚಂದ ಮಾಡಿದ್ದೀರಿ. ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೊಳ್ಳಬೇಡಿ. ಆ ದೋಣಿಯ ಕೆಳಗೆ, ಇದರಲ್ಲಿ ಏನೇನು ಇಲ್ಲ ಅಂತ ನಾಲ್ಕು ಸಾಲು ಬರೀರಿ. ಮಕ್ಕಳು ಪರದೆ ಮೇಲೆ ಕಂಡದ್ದನ್ನು ಪೂರ್ತಿ ನಂಬ್ತಾರೆ.”

“ಮಕ್ಕಳಾಟಕ್ಕೆ ಅಷ್ಟೆಲ್ಲ ಯಾಕೆ ಟೀಚರ್” ಎಂದು ನಕ್ಕೆ. ಒಳಗೊಳಗೆ ಸಿಟ್ಟೇ ಬಂದಿತ್ತು. ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡು ಬಸ್ಸು ಹತ್ತಿದೆ.

ದುರ್ಗಪ್ಪನಿಗೂ ಅವನ ತಮ್ಮ ರಮೇಶನಿಗೂ ಸೇರಿ ಒಂದು ಎಂಜಿನ್ ದೋಣಿಯಿತ್ತು. ಅದರ ಹೊಟ್ಟೆಯಲ್ಲಿ ಮೀನು ತುಂಬುವ ಜಾಗವನ್ನು ಅಡ್ಡಹಲಗೆ ಹಾಕಿ ಆರು ಕೋಣೆ ಮಾಡಿದ್ದರು. ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ರಮೇಶ ಮೂವತ್ತರ ಒಳಗಿನವನು, ಚುರುಕು. ಹಲಗೆ ತೆಗೆದರೆ ಹೆಚ್ಚು ಮೀನು ಹಿಡಿಯುತ್ತದೆ, ದೋಣಿ ಬಂದು ನಿಲ್ಲುವ ದಕ್ಕೆಯಲ್ಲಿ ಇಳಿಸುವುದೂ ಬೇಗ ಎಂದು ಅವನ ವಾದ. ಹಲಗೆ ಮುಟ್ಟಬೇಡ ಎಂದು ಅಣ್ಣನದು. ಏಕೆ ಎಂದರೆ ದುರ್ಗಪ್ಪನಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಅಪ್ಪ ಹಾಕಿದ್ದು ಎನ್ನುತ್ತಿದ್ದ, ಅಷ್ಟೇ. ಇಡೀ ಮಳೆಗಾಲ ಮನೆಯಲ್ಲಿ ಇದೇ ಜಗಳ ಎಂದು ಸುಜಾತಾ ನಗುತ್ತ ಹೇಳುತ್ತಿದ್ದಳು.

ಸ್ವಾತಂತ್ರ್ಯ ದಿನದಂದು ಧ್ವಜ ಏರಿಸಿದ ಮೇಲೆ ಪಾಲಕರಿಗೆಲ್ಲ ಕಂಪ್ಯೂಟರ್ ಕೋಣೆ ತೋರಿಸಬೇಕೆಂದು ಹೆಡ್ಮಾಸ್ತರರು ನಿಶ್ಚಯಿಸಿದ್ದರು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಒದ್ದೆ ಛತ್ರಿಗಳು, ಮಕ್ಕಳ ಕೈಯಲ್ಲಿ ಲಾಡು, ಒಂದೊಂದು ಪರದೆಯ ಮುಂದೆ ಎಂಟು ಹತ್ತು ಜನ. ಶಾಲಾ ಸಮಿತಿಯವರು ಮುಂದಿನ ಕುರ್ಚಿಗಳಲ್ಲಿ. “ನಮ್ಮ ವಿಜ್ಞಾನದ ಮಾಸ್ತರರು ಕಡಲನ್ನೇ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ” ಎಂದು ಹೆಡ್ಮಾಸ್ತರರು ಆಗಷ್ಟೇ ಭಾಷಣ ಮುಗಿಸಿದ್ದರು. ರಮೇಶ ಸುಜಾತಾಳ ಪಕ್ಕದಲ್ಲಿ ಕೂತು ದೋಣಿಗೆ ಭಾರ ತುಂಬಿದ. ಹಲಗೆಯಿಲ್ಲದ ದೋಣಿ. ಅಲೆ ಏರಿಸಿದ, ಮತ್ತೂ ಏರಿಸಿದ. ದೋಣಿ ತೂಗಾಡಿ ನೆಟ್ಟಗೆ ನಿಂತಿತು.

“ಅಣ್ಣ, ಇಲ್ಲಿ ಬಾ. ನೋಡು. ಹಲಗೆ ಎಲ್ಲಿ ಅದೆ ಇದ್ರಲ್ಲಿ? ಮುಳುಗ್ತಾ?”

ದುರ್ಗಪ್ಪ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಗಟ್ಟಿ ಆಳು, ಮಾತು ಕಡಿಮೆ. ಬಹಳ ಹೊತ್ತು ಪರದೆಯನ್ನೇ ನೋಡಿದ. ದೋಣಿಯನ್ನಲ್ಲ, ಅದರೊಳಗಿನ ಬುಟ್ಟಿಗಳನ್ನು ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

“ಮಾಸ್ತ್ರೇ, ದೋಣಿ ಓರೆ ಆದಾಗ ಇದ್ರೊಳಗಿನ ಮೀನು ಜಾರ್ತದ್ಯಾ?”

ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ನೇರ ಅದೇ ಸಾಲಿಗೆ ಬೆರಳಿಟ್ಟಿದ್ದ, ನಾನು ತೆಗೆದುಹಾಕಿದ ಸಾಲಿಗೆ. ಇಲ್ಲ ದುರ್ಗಪ್ಪ, ಇದು ಆಟ, ನೀನು ಹೇಳುವುದೇ ಸರಿ ಎಂದಿದ್ದರೆ ಮುಗಿಯುತ್ತಿತ್ತು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು. ಆದರೆ ಹೆಡ್ಮಾಸ್ತರರು ನೋಡುತ್ತಿದ್ದರು, ಸಮಿತಿಯವರು ನೋಡುತ್ತಿದ್ದರು, ಸುಜಾತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

“ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದು ದುರ್ಗಪ್ಪ. ಜಾರುವುದೂ ಅದರಲ್ಲಿದೆ” ಎಂದೆ.

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಮಗಳ ಕಡೆ ನೋಡಿದ.

“ಮಾಸ್ತ್ರು ಹೇಳಿದ್ಮೇಲೆ ಆತು” ಎಂದು ಹೊರಗೆ ಹೋದ.

ನಾಲ್ಕು ದಿನ ಬಿಟ್ಟು ಸುಜಾತಾ ಬಾಗಿಲಲ್ಲೇ ಹಿಡಿದು ಹೇಳಿದಳು, “ಸರ್, ಹಲಗೆ ತೆಗ್ದ್ರು. ನಿಮ್ಮ ದೋಣಿ ನೋಡಿ ತೆಗ್ದದ್ದು ಅಂತ ಚಿಕ್ಕಪ್ಪ ದಂಡೆ ತುಂಬ ಹೇಳ್ತಿದ್ರು.” ಅವಳ ಮುಖದಲ್ಲಿ ಹೆಮ್ಮೆ. ಅಂದು ಸಂಜೆಯೇ ಹೋಗಿ ಹೇಳಬೇಕೆಂದುಕೊಂಡೆ. ಸಂಜೆ ಮಳೆ. ಮರುದಿನ ಯಾವುದೋ ವರದಿ ಬರೆಯುವುದಿತ್ತು. ನೆಪಗಳಿಗೇನು ಬರಗಾಲವೇ.

ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಹೋದೆ. ನಿಜವಾಗಿಯೂ ಹೇಳಲಿಕ್ಕೆಂದೇ ಹೋದೆ. ಇದನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದಕ್ಕೆಯಲ್ಲಿ ದೋಣಿ ಆಗಷ್ಟೇ ಬಂದು ನಿಂತಿತ್ತು, ಒಳಗೆ ಅಂಚಿನ ತನಕ ಬಂಗಡೆ. ಹೆಂಗಸರು ಬುಟ್ಟಿ ಹಿಡಿದು ಮುತ್ತಿಕೊಂಡಿದ್ದರು, ರಮೇಶ ಗೆದ್ದವನ ಹಾಗೆ ಎಲ್ಲರನ್ನೂ ಕೂಗಿ ಕರೆಯುತ್ತಿದ್ದ. ನನ್ನನ್ನು ಕಂಡ ದುರ್ಗಪ್ಪ ಕೆಲಸ ಬಿಟ್ಟು, ಕೈ ತೊಳೆದುಕೊಂಡು ಹತ್ತಿರ ಬಂದು ನಿಂತ.

“ಎಂತ ಮಾಸ್ತ್ರೇ, ಇಷ್ಟ್ ದೂರ ಬಂದ್ರಿ?”

“ಹೀಗೇ, ದೋಣಿ ನೋಡುವ ಅಂತ.”

“ನೋಡಿ” ಎಂದ. ಸುಮ್ಮನೆ ನಿಂತೇ ಇದ್ದ. ನಾನು ಮಳೆಯ ವಿಷಯ ಮಾತಾಡಿದೆ, ಸುಜಾತಾಳ ಪರೀಕ್ಷೆಯ ವಿಷಯ ಮಾತಾಡಿದೆ. ಇಷ್ಟು ದಿನ ಏನೂ ಆಗಲಿಲ್ಲವಲ್ಲ, ಸುಮ್ಮನೆ ಯಾಕೆ ಖುಷಿಯಲ್ಲಿರುವವರ ನಡುವೆ ಹುಳಿ ಹಿಂಡಲಿ ಎಂದು ಮನಸ್ಸು ಹೇಳಿತು. ಕೊನೆಗೆ ಅವನು ತೇಗದ ಎಲೆಯಲ್ಲಿ ಒಂದಿಷ್ಟು ಬಂಗಡೆ ಕಟ್ಟಿ ನನ್ನ ಕೈಯಲ್ಲಿಟ್ಟ. ತೆಗೆದುಕೊಂಡು ಬಂದೆ. ಅಂದು ಸಾರು ಚೆನ್ನಾಗಿಯೇ ಆಗಿತ್ತು ಎಂಬುದೂ ನೆನಪಿದೆ, ಹೇಳಲು ನಾಚಿಕೆಯಾಗುತ್ತದೆ.

ಅದರ ಮುಂದಿನ ವಾರ ಬೆಳಿಗ್ಗೆ ಎರಡನೆಯ ಪೀರಿಯಡ್ಡಿನಲ್ಲಿ ಹೊರಗೆ ಜನ ಓಡುವುದು ಕಾಣಿಸಿತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ ಮಗುಚಿದೆ ಎಂದು ಯಾರೋ ಕಿಟಕಿಯಿಂದ ಹೇಳಿದರು. ಯಾರ ದೋಣಿ ಎಂದು ಕೇಳುವ ಮೊದಲೇ ಸುಜಾತಾ ಎದ್ದು ಓಡಿದ್ದಳು. ಚಪ್ಪಲಿ ಬೆಂಚಿನ ಕೆಳಗೇ ಉಳಿದಿತ್ತು.

ಅಳಿವೆಯಲ್ಲಿ ಆ ದಿನ ದೊಡ್ಡ ಅಲೆಯೇನೂ ಇರಲಿಲ್ಲ ಎಂದು ಎಲ್ಲರೂ ಹೇಳಿದರು. ತುಂಬಿದ ದೋಣಿಗೆ ಬದಿಯಿಂದ ಒಂದು ಅಲೆ ಹೊಡೆಯಿತು, ದೋಣಿ ವಾಲಿತು, ಮೀನೆಲ್ಲ ಒಟ್ಟಿಗೆ ಆ ಬದಿಗೆ ಸುರಿಯಿತು, ದೋಣಿ ಮತ್ತೆ ಏಳಲಿಲ್ಲ. ಐವರು ಈಜಿ ಬಂದರು. ಚುಕ್ಕಾಣಿ ಹಿಡಿದಿದ್ದ ದುರ್ಗಪ್ಪ ಬರಲಿಲ್ಲ. ಹಲಗೆ ತೆಗೆದ ದಿನದಿಂದ ಚುಕ್ಕಾಣಿಯನ್ನು ಅವನು ಬೇರೆಯವರ ಕೈಗೆ ಕೊಟ್ಟಿರಲೇ ಇಲ್ಲವಂತೆ. ಮೂರನೆಯ ದಿನ ಅವನನ್ನು ಉತ್ತರದ ದಂಡೆಯಲ್ಲಿ ಕಂಡರು.

ಮನೆಗೆ ಹೋದೆ. ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು, ಅದರ ಮೇಲೆ ಮಳೆ ಬಡಿಯುತ್ತಿತ್ತು. ರಮೇಶ ಕಂಬಕ್ಕೆ ಒರಗಿ ಕೂತು, ಬಂದ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದ. “ಹಲಗೆ ತೆಗ್ಸಿದ್ದು ನಾನು. ಅಣ್ಣ ಬೇಡ ಅಂದಿದ್ದ. ನಾನೇ ತೆಗ್ಸಿದ್ದು.” ನನಗೂ ಅದನ್ನೇ ಹೇಳಿದ. ಆಟದ ಮಾತು ಎತ್ತಲಿಲ್ಲ, ನನ್ನ ಹೆಸರು ಎತ್ತಲಿಲ್ಲ. ನಾನು ಅವನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿದೆ. ಹೌದು, ಸಮಾಧಾನ ಹೇಳಿದೆ. ಆ ಕೈಯನ್ನು ಕಡಿದು ಹಾಕಬೇಕಿತ್ತು.

ಎಂಟೂ ಕಂಪ್ಯೂಟರುಗಳಿಂದ ದೋಣಿಯನ್ನು ಅಳಿಸಿದೆ. ಯಾರೂ ಯಾಕೆಂದು ಕೇಳಲಿಲ್ಲ. ಸುಜಾತಾ ತಿಂಗಳ ನಂತರ ತರಗತಿಗೆ ಬಂದಳು. ಕಂಪ್ಯೂಟರ್ ಕೋಣೆಗೆ ಬರಲಿಲ್ಲ, ಪ್ರಶ್ನೆ ಕೇಳಲಿಲ್ಲ. ಪರೀಕ್ಷೆಯಲ್ಲಿ ಉಳಿದೆಲ್ಲದರಲ್ಲಿ ಪಾಸಾಗಿ ವಿಜ್ಞಾನದಲ್ಲಿ ಬಿದ್ದಳು. ಮತ್ತೆ ಕಟ್ಟಲಿಲ್ಲ. ನಾನು ವರ್ಗಾವಣೆ ಕೇಳಿಕೊಂಡು, ತಾಯಿಗೆ ಹುಷಾರಿಲ್ಲವೆಂದು ಕಾರಣ ಬರೆದು ಕುಮಟಾಕ್ಕೆ ಬಂದೆ. ತಾಯಿ ಗಟ್ಟಿಮುಟ್ಟಾಗಿಯೇ ಇದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಆಗಲೂ ಬುದ್ಧಿ ಬಂದಿರಲಿಲ್ಲ, ಹೆದರಿಕೆ ಮಾತ್ರ ಬಂದಿತ್ತು. ಭಟ್ಕಳದಲ್ಲಿ ಹಂಚಿದ್ದ ಪೆನ್ ಡ್ರೈವುಗಳು ನೆನಪಿಗೇ ಬಂದಿರಲಿಲ್ಲ.

ಈಗ ಆ ಸದ್ದು ಕೇಳಿದ ಮೇಲೆ ಮೂರು ದಿನ ನಿದ್ದೆ ಹತ್ತಲಿಲ್ಲ. ಜಾರುವ ಸಾಲನ್ನು ಮತ್ತೆ ಬರೆದು, ಹಳೆಯದನ್ನು ಯಾರೂ ಬಳಸಬೇಡಿ, ಇದನ್ನು ಮಾಡಿದವನು ನಾನು, ಇದರಿಂದ ಒಂದು ಜೀವ ಹೋಗಿದೆ ಎಂದು ಟೀಚರ್‌ಗಳ ಗ್ರೂಪಿಗೆ ಹಾಕಿದೆ. ಕೆಲವರು ಕೈಮುಗಿಯುವ ಚಿತ್ರ ಕಳಿಸಿದರು. ಆದರೆ ಹೇಳಬೇಕಾದವರು ಅಲ್ಲಿ ಯಾರೂ ಇರಲಿಲ್ಲ. ರವಿವಾರ ಹೊನ್ನಾವರದ ಬಸ್ಸು ಹತ್ತಿದೆ.

ದುರ್ಗಪ್ಪನ ಹೆಂಡತಿ ಮಾದೇವಿ ಜಗಲಿಯಲ್ಲಿ ಕೂತು ಒಣಮೀನು ಬೇರ್ಪಡಿಸುತ್ತಿದ್ದರು. ತಲೆ ಪೂರ್ತಿ ನರೆತಿತ್ತು. ಗುರುತು ಹಿಡಿದರು, ಮಣೆ ಕೊಟ್ಟರು, ಚಾ ಮಾಡಿ ತಂದರು. ಸುಜಾತಾಳನ್ನು ಭಟ್ಕಳದ ಕಡೆ ಕೊಟ್ಟಿದೆ, ಇಬ್ಬರು ಮಕ್ಕಳು ಎಂದರು. ರಮೇಶ ಕಡಲಿಗೆ ಹೋಗುವುದನ್ನು ಬಿಟ್ಟು ಗೋವಾದಲ್ಲಿ ಎಲ್ಲೋ ಕಾವಲಿಗಿದ್ದಾನಂತೆ, ಕುಡಿಯುತ್ತಾನಂತೆ.

“ಮಾದೇವಕ್ಕ, ನಿಮ್ಮ ಹತ್ರ ಒಂದು ಹೇಳುವುದಿದೆ” ಎಂದೆ. ಹೇಳಿದೆ. ಸಾಲು ತೆಗೆದದ್ದು, ಅವನು ಕೇಳಿದ್ದು, ನಾನು ಸುಳ್ಳು ಹೇಳಿದ್ದು. ಹೇಳುವಾಗ ನನ್ನ ಧ್ವನಿ ನನಗೇ ಬೇರೆಯವರದೆಂಬಂತೆ ಕೇಳುತ್ತಿತ್ತು. ಅವರು ಮೀನು ಬೇರ್ಪಡಿಸುವುದನ್ನು ನಿಲ್ಲಿಸಲಿಲ್ಲ.

“ಅದು ನಂಗೆ ಗೊತ್ತದೆ ಮಾಸ್ತ್ರೇ” ಎಂದರು.

ನಾನು ಚಾ ಲೋಟ ಕೆಳಗಿಟ್ಟೆ.

“ಬಾವುಟದ ದಿನ ಮನೆಗೆ ಬಂದವ್ರೇ ನಮ್ಮನೆಯವ್ರು ಹೇಳಿದ್ರು. ಮಾಸ್ತ್ರು ಸುಳ್ ಹೇಳಿದ್ರು, ಮುಖ ನೋಡಿದ್ರೆ ಗೊತ್ತಾತು ಅಂದ್ರು. ಮತ್ತೆ ಅಲ್ಲೇ ಹೇಳುಕೆ ಎಂತ ಆಗಿತ್ತು ನಿಮ್ಗೆ ಅಂತ ನಾ ಕೇಳ್ದೆ. ಹುಡ್ಗಿ ಪಕ್ಕದಲ್ಲೇ ಇತ್ತು, ಅವ್ಳಿಗೆ ಮಾಸ್ತ್ರು ಅಂದ್ರೆ ದೇವ್ರು, ಅವ್ಳ ಎದ್ರು ಅವ್ರನ್ನ ಸಣ್ಣ ಮಾಡುದು ಹೆಂಗೆ ಅಂದ್ರು.”

“ಹಾಗಾದರೆ ಹಲಗೆ ತೆಗೆಯಲು ಯಾಕೆ ಬಿಟ್ಟರು?”

“ಅಷ್ಟ್ ಜನರ ಎದ್ರು ಆತು ಅಂದು ಬಂದಾಗಿತ್ತಲ್ಲ. ತಮ್ಮ ಬಿಡ್ತ್ನಾ? ಮಾಸ್ತ್ರು ಓದಿದವ್ರು, ನಾಕ್ ದಿನದಲ್ಲಿ ಅವ್ರೇ ಬಂದು ಹೇಳ್ತ್ರು, ಆಗ ಹಲಗೆ ಹಾಕುವ, ಅಲ್ಲಿ ತನ್ಕ ಚುಕ್ಕಾಣಿ ನಾನೇ ಹಿಡಿತೆ ಅಂದ್ರು.”

ಅವರು ಒಂದು ಮೀನನ್ನು ಎತ್ತಿ ನೋಡಿ, ಕೆಟ್ಟಿದೆಯೆಂದು ಆಚೆ ಎಸೆದರು.

“ನೀವು ದಕ್ಕೆಗೆ ಬಂದಿದ್ರಲ್ಲ ಒಂದಿನ. ಅವತ್ತು ನಿಮ್ಮನ್ನ ದೂರದಿಂದ ಕಂಡು, ಬಂದ್ರು ನೋಡು ಮಾಸ್ತ್ರು ಅಂತ ನಂಗೆ ಹೇಳಿ, ಕೈ ತೊಳ್ಕಂಡು ನಿಮ್ಮತ್ರ ಬಂದ್ರು. ನಾ ಅಲ್ಲೇ ಬುಟ್ಟಿ ಹಿಡ್ಕಂಡು ನಿಂತಿದ್ದೆ. ನೀವು ಮೀನು ತಕಂಡು ಹೋದ್ರಿ.”